ನಿಲ್ಲಿಸದೆ ತಿದ್ದುವುದು

ಕಪ್ಪು ಪರದೆಯ ಮೇಲೆ 2000 ಬಿಳಿ ಚುಕ್ಕಿಗಳಿದ್ದವು. ಪ್ರತಿ ಚುಕ್ಕಿಯೂ ತನ್ನ ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಒಂಚೂರು ಅತ್ತ, ಒಂಚೂರು ಇತ್ತ ಸರಿಯುತ್ತಿತ್ತು. ನಾನು ಪ್ರೋಗ್ರಾಂನಲ್ಲಿ ಬರೆದಿದ್ದ ನಿಯಮ ಅಷ್ಟೇ. ಮೊದಲ ಕೆಲವು ನಿಮಿಷ ಬರೀ ಗಲಾಟೆ. ಆಮೇಲೆ ಒಂದು ಕಡೆ ದಟ್ಟವಾಗುತ್ತಾ, ಇನ್ನೊಂದು ಕಡೆ ತೆಳುವಾಗುತ್ತಾ, ಎಲೆಯ ನರಗಳ ಹಾಗೆ ಏನೋ ಮೂಡತೊಡಗಿತು. ಕಣ್ಣು ಕೀಳದೆ ನೋಡುತ್ತಾ ಕೂತಿದ್ದೆ. ಬಿಳಿಯ ಬದಲು ಸ್ವಲ್ಪ ಹಳದಿ ಇದ್ದರೆ ಇನ್ನೂ ಚೆನ್ನ ಅನ್ನಿಸಿತು. ಬಣ್ಣದ ಸಂಖ್ಯೆ ಬದಲಿಸಿದೆ, ಸೇವ್ ಮಾಡಿದೆ, ಮತ್ತೆ ರನ್ ಮಾಡಿದೆ.

ಹಳದಿ ಬಂತು. ಎಲೆಯ ನರಗಳು ಹೋದವು. ಅಷ್ಟೂ ಚುಕ್ಕಿಗಳು ಮೊದಲಿನ ಗಲಾಟೆಗೆ ವಾಪಸ್ಸಾಗಿದ್ದವು.

ಶುರುವಿನ ಜಾಗಗಳನ್ನು ರ್‍ಯಾಂಡಮ್ ಆಗಿ ಕೊಟ್ಟಿದ್ದೆ. ಹಾಗಾಗಿ ಎಷ್ಟು ಸಲ ಓಡಿಸಿದರೂ ಆ ಚಿತ್ರ ಮತ್ತೆ ಬರಲಿಲ್ಲ. ಕೋಡ್‌ನ ಒಂದಕ್ಷರವೂ ಕಳೆದಿರಲಿಲ್ಲ, ಫೈಲ್ ಹಾಗೇ ಇತ್ತು. ಆದರೂ ಏನೋ ಕಳೆದುಹೋಗಿತ್ತು. ಏನದು ಅಂತ ಹೇಳೋಕೆ ಆಗ ನನ್ನ ಹತ್ತಿರ ಮಾತಿರಲಿಲ್ಲ.

ಚಿತ್ರ ಬರೆಯುವ ಪ್ರೋಗ್ರಾಂಗಳನ್ನು ನಾನು ಕಲಿತದ್ದು ಪ್ರೊಸೆಸಿಂಗ್ ಎಂಬ ಸಲಕರಣೆಯಿಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ್ದು ಅದು. ನನ್ನಂಥ ಎಷ್ಟೋ ಜನಕ್ಕೆ ಅದೇ ಮೊದಲ ಬಾಗಿಲು. ಅದರ ರಚನೆ ಬಹಳ ಸರಳ. ಸೆಟಪ್ ಅಂತ ಒಂದು ಭಾಗ, ಅದು ಶುರುವಿನಲ್ಲಿ ಒಂದೇ ಸಲ ನಡೆಯುತ್ತದೆ. ಡ್ರಾ ಅಂತ ಇನ್ನೊಂದು, ಅದು ಸೆಕೆಂಡಿಗೆ 60 ಸಲ ನಡೆಯುತ್ತದೆ. ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಇಡೀ ಪರದೆ ಬರೆದು ಮುಗಿಸಬೇಕು, ಮತ್ತೆ ಬರೆಯಬೇಕು. ಇಷ್ಟು ವೇಗವಾಗಿ ಉಸಿರಾಡುವ ಒಂದು ವಸ್ತುವನ್ನು, ಒಂದು ಬಣ್ಣ ಬದಲಿಸುವುದಕ್ಕಾಗಿ ಪೂರ್ತಿ ನಿಲ್ಲಿಸಿ ಮತ್ತೆ ಹುಟ್ಟಿಸುತ್ತಿದ್ದೆ. ಅದು ವಿಚಿತ್ರ ಅಂತ ಅವತ್ತಿನ ತನಕ ನನಗೆ ಅನ್ನಿಸಿಯೇ ಇರಲಿಲ್ಲ.

ಓಡುತ್ತಿರುವ ಪ್ರೋಗ್ರಾಂ ಅನ್ನು ನಿಲ್ಲಿಸದೆ ತಿದ್ದುವ ಆಸೆ ಹಳೆಯದು. ಹಾಗೆ ತಿದ್ದುವುದಕ್ಕೆ ಈಗ ಲೈವ್ ಕೋಡಿಂಗ್ ಅನ್ನುತ್ತಾರೆ. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ 1979ರಲ್ಲಿ ಸ್ಟೀವ್ ಜಾಬ್ಸ್‌ಗೆ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೋರಿಸುತ್ತಿದ್ದಾಗ ನಡೆದ ಪ್ರಸಂಗವನ್ನು ಹಲವರು ಕೇಳಿರುತ್ತೀರಿ. ಪಠ್ಯ ಸಾಲು ಸಾಲಾಗಿ ಜಿಗಿಯುವ ಬದಲು ನಯವಾಗಿ ಸರಿದರೆ ಚೆನ್ನಾಗಿರುತ್ತಿತ್ತು ಎಂಬ ಮಾತು ಬಂತು. ಸ್ಮಾಲ್‌ಟಾಕ್ ಕಟ್ಟಿದವರಲ್ಲಿ ಒಬ್ಬರಾದ ಡ್ಯಾನ್ ಇಂಗಾಲ್ಸ್ ಅಲ್ಲೇ, ಅವರೆದುರಲ್ಲೇ, ಯಂತ್ರವನ್ನು ನಿಲ್ಲಿಸದೆ ಅದನ್ನು ಬದಲಿಸಿ ತೋರಿಸಿದರು. ಈ ಪ್ರಸಂಗದಲ್ಲಿ ನನಗೆ ಇಷ್ಟವಾಗುವುದು ಆ ವೇಗ ಅಲ್ಲ. ತೆರೆದಿದ್ದ ಕಿಟಕಿಗಳು ತೆರೆದೇ ಇದ್ದವು, ಮಾತು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯಿತು. ಅದು ಇಷ್ಟ.

ನನಗೆ ಈ ದಾರಿ ತೆರೆದದ್ದು ಹೈಡ್ರಾ. ಒಲಿವಿಯಾ ಜ್ಯಾಕ್ ಮಾಡಿದ ಸಲಕರಣೆ, ಬ್ರೌಸರ್‌ನಲ್ಲೇ ಓಡುತ್ತದೆ. ಹಿಂದೆ ಚಿತ್ರ, ಅದರ ಮೇಲೇ ಕೋಡ್. ಬೇರೆ ಎಡಿಟರ್ ಇಲ್ಲ, ಪಕ್ಕದಲ್ಲಿ ಇನ್ನೊಂದು ಕಿಟಕಿ ಇಲ್ಲ. ಆಸ್ಕ್ (ಆಸಿಲೇಟರ್ ಪದದ ಚುಟುಕು) ಅಂತ ಬರೆದು, ಬ್ರಾಕೆಟ್ಟಿನಲ್ಲಿ 60 ಹಾಕಿ, ಚುಕ್ಕಿ ಇಟ್ಟು ಔಟ್ ಅಂತ ಬರೆದು, ಕಂಟ್ರೋಲ್ ಶಿಫ್ಟ್ ಎಂಟರ್ ಒತ್ತಿದೆ. ಪರದೆ ತುಂಬ ಕಪ್ಪು ಬಿಳಿ ಪಟ್ಟಿಗಳು ಬಂದು ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿದವು.

60 ಅಂದರೆ 60 ಪಟ್ಟಿ ಅಂದುಕೊಂಡಿದ್ದೆ. ಎಣಿಸಿದರೆ ಒಂಬತ್ತೂವರೆ! ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಒಳಗಿರುವುದು ಸೈನ್ ಅಲೆ. ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅದು 60 ರೇಡಿಯನ್ (ಕೋನ ಅಳೆಯುವ ಮಾನ) ಸಾಗುತ್ತದೆ, ಒಂದು ಪೂರ್ತಿ ಅಲೆಗೆ ಬೇಕಾಗುವುದು 6.28 ರೇಡಿಯನ್. ಭಾಗಿಸಿದರೆ ಒಂಬತ್ತೂವರೆ ಸರಿ. ಪುಸ್ತಕದಲ್ಲಿ ಓದಿದ್ದರೆ ಇದು ಒಂದು ಸೂತ್ರವಾಗಿ ಕಣ್ಮುಂದೆ ಹಾದುಹೋಗುತ್ತಿತ್ತು. ಇಲ್ಲಿ ಸರಿಯುತ್ತಿದ್ದ ಪಟ್ಟಿಗಳನ್ನು ಬೆರಳಿಟ್ಟು ಎಣಿಸಿದ್ದೆ, ಹಾಗಾಗಿ ಮರೆಯಲೇ ಇಲ್ಲ.

ಆ ಮೊದಲ ರಾತ್ರಿ ನಾನು ತುಂಬಾ ತಪ್ಪು ಮಾಡಿದೆ. ಬ್ರಾಕೆಟ್ ಮುಚ್ಚಲು ಮರೆತೆ, ಅಲ್ಪವಿರಾಮ ಬಿಟ್ಟೆ, ಹೆಸರು ತಪ್ಪಾಗಿ ಬರೆದೆ. ಪ್ರತಿ ಸಲವೂ ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು ಎರರ್ ಬಂತು, ಅಷ್ಟೇ. ಚಿತ್ರ ನಿಲ್ಲಲಿಲ್ಲ. ಹಿಂದಿನ ಸರಿಯಾದ ಚಿತ್ರ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಲೈವ್ ಕೋಡಿಂಗ್‌ಗೆ ಮಾಡಿದ ಬಹುತೇಕ ಸಲಕರಣೆಗಳು ಹೀಗೇ ನಡೆದುಕೊಳ್ಳುತ್ತವೆ. ಹೊಸದು ಸರಿಯಾಗಿ ನಿಲ್ಲುವ ತನಕ ಹಳೆಯದನ್ನು ಕೆಡವುವುದಿಲ್ಲ. ನೋಡಲು ಸಣ್ಣ ವಿಷಯ. ಆದರೆ ಇದನ್ನು ಯೋಚಿಸಿ ಮಾಡಿದವರ ಮೇಲೆ ನನಗೆ ನಿಜವಾದ ಕೃತಜ್ಞತೆ ಇದೆ. ತಪ್ಪಿನ ಬೆಲೆ ಕಡಿಮೆಯಾದಾಗ ಕೈ ಧೈರ್ಯ ಮಾಡುತ್ತದೆ. 3 ಇರುವಲ್ಲಿ 300 ಹಾಕಿ ನೋಡೋಣ ಅನ್ನಿಸುತ್ತದೆ. ನನಗೆ ಸಿಕ್ಕ ಒಳ್ಳೆಯ ಚಿತ್ರಗಳಲ್ಲಿ ಅರ್ಧದಷ್ಟು ಹಾಗೆ ಸುಮ್ನೆ ಹಾಕಿದ ಸಂಖ್ಯೆಗಳಿಂದ ಬಂದವು.

ಇಷ್ಟಾದರೂ ನನ್ನ ಹಳೆಯ ಪ್ರಶ್ನೆ ಬಗೆಹರಿದಿರಲಿಲ್ಲ. ಅದು ಬೇರೆ ವೇಷದಲ್ಲಿ ವಾಪಸ್ ಬಂತು.

ಒಂದು ದಿನ ಪಟ್ಟಿಗಳು ಹತ್ತು ನಿಮಿಷದಿಂದ ಸಮಾಧಾನವಾಗಿ ಸರಿಯುತ್ತಿದ್ದವು. ವೇಗ 0.1 ಇತ್ತು. ಒಂಚೂರು ಜಾಸ್ತಿ ಮಾಡೋಣ ಅಂತ 0.12 ಹಾಕಿದೆ. ಪಟ್ಟಿಗಳು ಮೊದಲು ಒಮ್ಮೆ ಫಟ್ ಅಂತ ಹಾರಿದವು, ಆಮೇಲೆ ಹೊಸ ವೇಗದಲ್ಲಿ ಸರಿಯತೊಡಗಿದವು. ಮತ್ತೆ 0.1 ಮಾಡಿದೆ. ಮತ್ತೆ ಹಾರಿದವು. ವೇಗ ಸ್ವಲ್ಪ ಬದಲಾದರೆ ಜಾಗ ಯಾಕೆ ಬದಲಾಗಬೇಕು?

ಕಾರಣ ಇಷ್ಟು. ಪಟ್ಟಿ ಎಲ್ಲಿರಬೇಕು ಎಂಬ ಲೆಕ್ಕ, ಶುರುವಿನಿಂದ ಕಳೆದ ಒಟ್ಟು ಕಾಲವನ್ನು ಈಗಿನ ವೇಗದಿಂದ ಗುಣಿಸಿ ಬರುತ್ತದೆ. ಹತ್ತು ನಿಮಿಷ ಅಂದರೆ 600 ಸೆಕೆಂಡ್. ವೇಗ 0.1 ಇದ್ದಾಗ ಪಟ್ಟಿಗಳು 60 ಪರದೆಯಷ್ಟು ದೂರ ಬಂದಿವೆ. 0.12 ಮಾಡಿದ ಕ್ಷಣ ಲೆಕ್ಕ 72 ಅನ್ನುತ್ತದೆ. ಅಂದರೆ ಈ ಹೊಸ ವೇಗದಲ್ಲೇ ಮೊದಲಿನಿಂದ ನಡೆದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ಚಿತ್ರ ಹಾರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ 12 ಪರದೆಗಳ ನೆಗೆತ. ಈ ಸೂತ್ರಕ್ಕೆ ನಡೆದು ಬಂದ ದಾರಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈಗಿನ ವೇಗ ಮತ್ತು ಗಡಿಯಾರ ಮಾತ್ರ.

ಅದೇ ಹೈಡ್ರಾದಲ್ಲಿ ಸ್ಪೀಡ್ ಅಂತ ಇನ್ನೊಂದು ಇದೆ. ಅದನ್ನು ಬದಲಿಸಿದರೆ ನೆಗೆತ ಇಲ್ಲ. ಯಾಕೆಂದರೆ ಅದು ಗಡಿಯಾರವನ್ನೇ ನಿಧಾನ ಅಥವಾ ಜೋರು ಮಾಡುತ್ತದೆ. ಪ್ರತಿ ಫ್ರೇಮ್‌ನಲ್ಲೂ, ಅಂದರೆ ಪರದೆಯನ್ನು ಒಂದು ಸಲ ಬರೆಯುವ ಪ್ರತಿ ಸುತ್ತಿನಲ್ಲೂ, ಕಳೆದ ಚೂರು ಕಾಲವನ್ನು ಸ್ಪೀಡ್‌ನಿಂದ ಗುಣಿಸಿ, ಹಿಂದಿನ ಮೊತ್ತಕ್ಕೆ ಕೂಡಿಸುತ್ತದೆ. ಇಲ್ಲಿಯ ತನಕ ನಡೆದದ್ದು ನಡೆದದ್ದೇ. ಹೊಸ ವೇಗ ಅನ್ವಯವಾಗುವುದು ಇಲ್ಲಿಂದ ಮುಂದಕ್ಕೆ ಮಾತ್ರ.

ಇದು ಅರ್ಥವಾದ ರಾತ್ರಿ ನನಗೆ ಆ 2000 ಚುಕ್ಕಿಗಳು ನೆನಪಾದವು. ಅವತ್ತು ಕಳೆದುಹೋಗಿದ್ದು ಇದೇ ಅಲ್ವಾ? ಕೋಡ್ ಇತ್ತು, ನಡೆದು ಬಂದ ದಾರಿ ಇರಲಿಲ್ಲ. ಪ್ರೋಗ್ರಾಂನ ಜೀವ ಅದರ ಪಠ್ಯದಲ್ಲಿ ಅರ್ಧ ಮಾತ್ರ. ಇನ್ನರ್ಧ ಅದು ಓಡುತ್ತಾ ಓಡುತ್ತಾ ಕೂಡಿಸಿಕೊಂಡಿದ್ದರಲ್ಲಿ ಇರುತ್ತದೆ. ಲೈವ್ ಕೋಡಿಂಗ್ ಅಂದರೆ ಬೇಗ ಬೇಗ ಟೈಪ್ ಮಾಡುವುದು ಅಂತ ಹೊರಗಿನಿಂದ ಕಾಣುತ್ತದೆ. ನನ್ನ ಮಟ್ಟಿಗೆ ಅದರ ಕಸುಬು ಇರುವುದು ಒಂದೇ ಪ್ರಶ್ನೆಯಲ್ಲಿ. ಈ ಬದಲಾವಣೆಯನ್ನು ದಾಟಿ ಯಾವುದು ಉಳಿಯಬೇಕು?

ಹಳೆಯ ಚುಕ್ಕಿಗಳ ಪ್ರೋಗ್ರಾಂ ಅನ್ನು ಮತ್ತೆ ಬರೆದೆ. ಯಾವ ಚುಕ್ಕಿ ಎಲ್ಲಿದೆ ಎಂಬ ಲೆಕ್ಕವನ್ನು ಒಂದು ಕಡೆ ಇಟ್ಟೆ. ಅದು ಆಗಲೇ ಇದ್ದರೆ ಮುಟ್ಟಬೇಡ, ಇಲ್ಲದಿದ್ದರೆ ಮಾತ್ರ ಹೊಸದಾಗಿ ಮಾಡು ಅಂತ ಒಂದು ಸಾಲು. ಚಲನೆಯ ನಿಯಮ ಬೇರೆ ಫಂಕ್ಷನ್, ಬಣ್ಣ ಬೇರೆ ಫಂಕ್ಷನ್. ಫಂಕ್ಷನ್ ಅಂದರೆ ಹೆಸರಿಟ್ಟ ಒಂದು ಕೋಡ್ ತುಂಡು. ಪ್ರತಿ ಫ್ರೇಮ್‌ನಲ್ಲೂ ಅವನ್ನು ಹೆಸರು ಹಿಡಿದು ಕರೆಯುತ್ತೇನೆ. ಹಾಗಾಗಿ ಬಣ್ಣದ ಫಂಕ್ಷನ್ ಬದಲಿಸಿ ಎಂಟರ್ ಒತ್ತಿದರೆ ಮುಂದಿನ ಫ್ರೇಮ್‌ಗೆ ಹೊಸ ಬಣ್ಣ, ಚುಕ್ಕಿಗಳು ಇದ್ದಲ್ಲೇ ಇರುತ್ತವೆ. ಕೇಳಲು ತೀರಾ ಸುಲಭ. ಆದರೂ ಇದನ್ನು ತಪ್ಪದೆ ಮಾಡುವುದಕ್ಕೆ ನನಗೆ ತಿಂಗಳುಗಳು ಹಿಡಿದವು.

ತಪ್ಪಿದ ಒಂದು ಸಲದ ಕತೆ ಹೇಳಬೇಕು. ಚಿತ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಲು ಒಂದು ಟೈಮರ್ ಬರೆದಿದ್ದೆ. ತಿದ್ದಿ ಒತ್ತಿದೆ, ತಿದ್ದಿ ಒತ್ತಿದೆ. ಒತ್ತಿದಷ್ಟೂ ಚಿತ್ರ ಜೋರಾಗಿ ತಿರುಗುತ್ತಿತ್ತು. ಸಂಖ್ಯೆ ಕಡಿಮೆ ಮಾಡಿದರೂ ಜೋರಾಗುತ್ತಿತ್ತು! ಪ್ರತಿ ಸಲ ಒತ್ತಿದಾಗಲೂ ಒಂದು ಹೊಸ ಟೈಮರ್ ಹುಟ್ಟುತ್ತಿತ್ತು, ಹಳೆಯದು ಸಾಯುತ್ತಿರಲಿಲ್ಲ. ಪರದೆಯ ಮೇಲಿನ ಕೋಡ್‌ನಲ್ಲಿ ಒಂದೇ ಟೈಮರ್. ಒಳಗೆ ಇಪ್ಪತ್ತೋ ಮೂವತ್ತೋ. ಉಳಿಯಬೇಕಾದ್ದು ಅಳಿಯುವುದು ಒಂದು ತೊಂದರೆಯಾದರೆ, ಅಳಿಯಬೇಕಾದ್ದು ಉಳಿಯುವುದು ಇನ್ನೊಂದು. ಇಂಪ್ರಾಂಪ್ಟು ಎಂಬ ಲೈವ್ ಕೋಡಿಂಗ್ ಸಲಕರಣೆ ಕಟ್ಟಿದ ಆಂಡ್ರೂ ಸೊರೆನ್ಸನ್ ಇದಕ್ಕೊಂದು ಚಂದದ ದಾರಿ ತೋರಿಸಿದ್ದಾರೆ. ಫಂಕ್ಷನ್ ತನ್ನ ಕೆಲಸ ಮುಗಿಸಿ, ಇಷ್ಟು ಹೊತ್ತಿನ ಮೇಲೆ ನನ್ನನ್ನು ಮತ್ತೆ ಕರೆ ಅಂತ ತನ್ನ ಹೆಸರನ್ನೇ ಹೇಳಿ ಹೋಗುತ್ತದೆ. ನಡುವೆ ಆ ಹೆಸರಿಗೆ ಹೊಸ ಅರ್ಥ ಕೊಟ್ಟರೆ, ಮುಂದಿನ ಸಲ ಬರುವುದು ಹೊಸತು. ಹಳೆಯದು ತಾನಾಗಿಯೇ ಜಾಗ ಬಿಡುತ್ತದೆ.

ಹೈಡ್ರಾಗೆ ಸ್ಫೂರ್ತಿ ಹಳೆಯ ಅನಲಾಗ್ ವಿಡಿಯೊ ಸಿಂಥಸೈಜರ್‌ಗಳು. 1970ರ ದಶಕದ ಶುರುವಿನಲ್ಲಿ ಷಿಕಾಗೋದಲ್ಲಿ ಡ್ಯಾನ್ ಸ್ಯಾಂಡಿನ್ ಅಂಥದ್ದೊಂದನ್ನು ಕಟ್ಟಿದ್ದರು. ತಂತಿಗಳಿಂದ ಒಂದು ಪೆಟ್ಟಿಗೆಯನ್ನು ಇನ್ನೊಂದಕ್ಕೆ ಜೋಡಿಸಿ, ಗುಂಡಿ ತಿರುಗಿಸಿ ಚಿತ್ರವನ್ನು ಕಲಕುವ ಯಂತ್ರ. ಅದರ ನಕ್ಷೆಗಳನ್ನು ಬೇಕೆಂದವರಿಗೆಲ್ಲ ಕೊಟ್ಟು, ನೀವೂ ಕಟ್ಟಿಕೊಳ್ಳಿ ಅಂದವರು ಅವರು. ಹೈಡ್ರಾದಲ್ಲಿ ಚುಕ್ಕಿ ಇಟ್ಟು ಒಂದರ ಹಿಂದೆ ಒಂದು ಹೆಸರು ಪೋಣಿಸುವುದು ಆ ತಂತಿ ಜೋಡಣೆಯ ನೆನಪೇ.

ಆದರೆ ಗುಂಡಿಗೂ ಸಂಖ್ಯೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಗುಂಡಿಯನ್ನು 1ರಿಂದ 2ಕ್ಕೆ ತಿರುಗಿಸಿದರೆ ಕೈ ನಡುವಿನ ಎಲ್ಲ ಜಾಗಗಳನ್ನೂ ದಾಟಿಯೇ ಹೋಗಬೇಕು. 1 ಅಳಿಸಿ 2 ಬರೆದರೆ ನಡುವೆ ಏನೂ ಇಲ್ಲ. ಕೋಡ್‌ಗೆ ನಡುವಿನ ದಾರಿ ಬೇಕಾದರೆ ಅದನ್ನೂ ನಾವೇ ಬರೆಯಬೇಕು. ನಾನು ಬಳಸುವುದು ತೀರಾ ಸರಳ ಉಪಾಯ. ಬೇಕಾದ ಸಂಖ್ಯೆಯನ್ನು ಗುರಿ ಅಂತ ಇಡುತ್ತೇನೆ. ಈಗಿನ ಸಂಖ್ಯೆ ಪ್ರತಿ ಫ್ರೇಮ್‌ನಲ್ಲೂ ಉಳಿದ ದೂರದ ಹತ್ತನೇ ಒಂದು ಭಾಗ ಗುರಿಯತ್ತ ನಡೆಯುತ್ತದೆ. ಮೊದಲು ಬೇಗ, ಹತ್ತಿರ ಬಂದಂತೆ ನಿಧಾನ. ಇದನ್ನು ಸೇರಿಸಿದ ಮೇಲೆ ನನ್ನ ಚಿತ್ರಗಳ ನಡೆಯೇ ಬದಲಾಯಿತು.

ನಡೆದು ಬಂದ ದಾರಿ ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಬೀಳುವುದು ಫೀಡ್‌ಬ್ಯಾಕ್‌ನಲ್ಲಿ. ಹೊಸ ಫ್ರೇಮ್ ಬರೆಯುವಾಗ ಹಿಂದಿನ ಫ್ರೇಮ್ ಅನ್ನೇ ಬಣ್ಣದ ಹಾಗೆ ಬಳಸುವುದು. ಹಿಂದಿನದನ್ನು ಒಂಚೂರು ಹಿಗ್ಗಿಸಿ, ಅದರ ಮೇಲೆ ಹೊಸ ಆಕಾರವನ್ನು ತೆಳುವಾಗಿ ಹಚ್ಚಿದರೆ, ಎದುರುಬದುರು ಇಟ್ಟ ಕನ್ನಡಿಗಳ ಹಾಗೆ ಒಳಗೊಳಗೆ ಸುರಂಗ ತೆರೆಯುತ್ತದೆ. ಇಲ್ಲಿ ಒಂದು ಸಾಲು ಅಳಿಸಿದರೆ ಅದು ಬರೆದ ಆಕಾರ ತಕ್ಷಣ ಹೋಗುವುದಿಲ್ಲ. ಪ್ರತಿ ಫ್ರೇಮ್‌ನಲ್ಲಿ ಹಳೆಯದು ನೂರಕ್ಕೆ 98 ಪಾಲು, ಹೊಸದು 2 ಪಾಲು ಅಂತ ಬೆರೆಸಿದ್ದರೆ, ಅಳಿಸಿದ ಆಕಾರ ಹತ್ತನೇ ಒಂದು ಪಾಲಿಗೆ ಇಳಿಯಲು 114 ಫ್ರೇಮ್ ಬೇಕು. ಹತ್ತಿರ ಹತ್ತಿರ ಎರಡು ಸೆಕೆಂಡ್. ಆ ಎರಡು ಸೆಕೆಂಡಿನಲ್ಲಿ ಹೊಸದು ಹಳೆಯದರ ಮೇಲೆ ಬೆಳೆಯುತ್ತದೆ.

ಸುರಂಗದ ಗೋಡೆಗಳು ತಮ್ಮನ್ನೇ ಬಾಗಿಸಿಕೊಳ್ಳುವಂತೆ ಬರೆದರೆ ಇನ್ನೂ ಆಳಕ್ಕೆ ಹೋಗುತ್ತದೆ. ಆಗ ಒಂದು ತ್ರಿಕೋನ ಅರ್ಧ ಗಂಟೆಯ ಹಿಂದೆ ಇತ್ತೋ ಇಲ್ಲವೋ ಎಂಬುದು ಈಗಿನ ಚಿತ್ರದಲ್ಲಿ ಕಾಣಬಹುದು. ಅದೇ ಕೋಡ್ ಅನ್ನು ಖಾಲಿ ಪರದೆಯಲ್ಲಿ ಓಡಿಸಿದರೆ ಬೇರೆಯೇ ಚಿತ್ರ. ಒಮ್ಮೆ ಬಹಳ ಇಷ್ಟವಾದ ಕೋಡ್ ಅನ್ನು ಸೇವ್ ಮಾಡಿಟ್ಟು, ಮರುದಿನ ತೆರೆದಾಗ ಬರೀ ಬೂದು ಮಂಜು ಬಂತು. ಹಿಂದಿನ ದಿನ ಆ ಚಿತ್ರಕ್ಕೆ ನಾನು ಹೋದ ದಾರಿಯಲ್ಲಿ ಏಳೆಂಟು ಬೇರೆ ಕೋಡ್‌ಗಳಿದ್ದವು, ಅವ್ಯಾವುವೂ ಫೈಲ್‌ನಲ್ಲಿ ಇರಲಿಲ್ಲ. ಈಗ ನಾನು ಕೊನೆಯ ಕೋಡ್ ಮಾತ್ರ ಉಳಿಸುವುದಿಲ್ಲ. ಒತ್ತಿದ ಪ್ರತಿಯೊಂದನ್ನೂ ಸಮಯದ ಸಮೇತ ಬರೆದಿಡುವ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಂಡಿದ್ದೇನೆ.

ಜನರ ಮುಂದೆ ಇದನ್ನು ಮಾಡುವುದು ಬೇರೆಯೇ ಅನುಭವ. ಲೈವ್ ಕೋಡಿಂಗ್ ಮಾಡುವವರ ಗುಂಪು ಟಾಪ್‌ಲ್ಯಾಪ್ 2004ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿತು. ನಿಮ್ಮ ಸ್ಕ್ರೀನ್ ತೋರಿಸಿ ಎಂಬುದು ಅವರ ಪ್ರಣಾಳಿಕೆಯ ಮಾತು. ಕೋಡ್ ಬಚ್ಚಿಡಬೇಡಿ, ಕೈ ಮಾಡುವ ಕೆಲಸ ನೋಡುವವರಿಗೂ ಕಾಣಲಿ ಅಂತ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋಡ್ ಓದಲು ಬಾರದವರು ಕೂಡ ಒಂದು ಸಂಖ್ಯೆ ಬದಲಾಗುವುದನ್ನೂ, ಅದರ ಬೆನ್ನಿಗೇ ಪರದೆ ಬದಲಾಗುವುದನ್ನೂ ನೋಡಿ ಎರಡನ್ನೂ ಜೋಡಿಸಿಕೊಳ್ಳುತ್ತಾರೆ. ಅವರ ಕಣ್ಣು ನನ್ನ ಕರ್ಸರ್ ಹಿಂದೆ ಬರುವುದು ನನಗೆ ಗೊತ್ತಾಗುತ್ತದೆ.

ಮೊದಲ ಸಲ ಜನರ ಮುಂದೆ ಕೂತಾಗ ನಾನು ಮಾಡಿದ ಒಂದು ತಪ್ಪು ಇನ್ನೂ ಮನಸ್ಸಿನಲ್ಲಿದೆ. ಹೊಳಪನ್ನು ಸಂಗೀತದ ಬಡಿತಕ್ಕೆ ಕಟ್ಟಿದ್ದೆ. ಒಂದು ಗುಣಾಕಾರ ಹೆಚ್ಚಾಗಿ ಇಡೀ ಪರದೆ ಕಪ್ಪು ಬಿಳಿ, ಕಪ್ಪು ಬಿಳಿ ಅಂತ ಮಿನುಗತೊಡಗಿತು. ಎದುರಿನ ಸಾಲಿನಲ್ಲಿ ಒಬ್ಬರು ಕೈಯಿಂದ ಕಣ್ಣು ಮುಚ್ಚಿಕೊಂಡು ಮುಖ ತಿರುಗಿಸಿದರು. ನನಗೆ ತಕ್ಷಣ ಸಾಲು ಸಿಗಲಿಲ್ಲ, ಸರಿಪಡಿಸಲು ಎಷ್ಟೋ ಸೆಕೆಂಡು ಹೋಯಿತು. ವೆಬ್ ಪುಟಗಳಿಗಾಗಿ ಇರುವ ಡಬ್ಲ್ಯೂಸಿಎಜಿ ನಿಯಮಾವಳಿ ಒಂದು ಸೆಕೆಂಡಿನಲ್ಲಿ 3ಕ್ಕಿಂತ ಜಾಸ್ತಿ ಸಲ ಮಿನುಗಿಸಬೇಡಿ ಅನ್ನುತ್ತದೆ. ಅಂಥ ಬೆಳಕಿನಿಂದ ಕೆಲವರಿಗೆ ಮೂರ್ಛೆ ಬರಬಹುದು. ಈಗ ನನ್ನ ಪ್ರತಿ ಪ್ರೋಗ್ರಾಂನ ಕೊನೆಯಲ್ಲಿ ಒಂದು ತಡೆ ಇದೆ. ನಾನು ಮೇಲೆ ಏನೇ ಬರೆಯಲಿ, ಒಟ್ಟು ಪರದೆಯ ಹೊಳಪು ಒಂದು ಮಿತಿಗಿಂತ ಬೇಗ ಏರಿಳಿಯಲು ಅದು ಬಿಡುವುದಿಲ್ಲ. ಅದನ್ನು ಮಾತ್ರ ನಾನು ಓಡುತ್ತಿರುವಾಗ ಮುಟ್ಟುವುದಿಲ್ಲ.

ಮೆಕ್ಸಿಕೋ ಸಿಟಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಖಾಲಿ ಎಡಿಟರ್‌ನಿಂದ ಶುರುಮಾಡಬೇಕು, 9 ನಿಮಿಷ ಸಮಯ. ಮೊದಲೇ ಬರೆದಿಟ್ಟುಕೊಂಡು ಬರುವಂತಿಲ್ಲ. ನಾನು ಮನೆಯಲ್ಲಿ ಒಬ್ಬಳೇ ಕೂತು ಇದನ್ನು ಅಭ್ಯಾಸ ಮಾಡುತ್ತೇನೆ. ಮೊದಲ ನಿಮಿಷ ಪರದೆ ಕಪ್ಪಾಗಿರುತ್ತದೆ. ಏನೋ ಒಂದು ಬರೆಯುತ್ತೇನೆ. ಆಮೇಲೆ ಚಿತ್ರವೇ ಮುಂದಿನ ಸಾಲು ಯಾವುದೆಂದು ಸೂಚಿಸತೊಡಗುತ್ತದೆ.

ಮುಗಿಸುವುದು ಹೇಗೆ ಎಂಬುದನ್ನು ನನಗೆ ಹೇಳಿಕೊಟ್ಟದ್ದು ಸಂಗೀತ ನುಡಿಸುವ ಗೆಳತಿ. ಹೈಡ್ರಾದಲ್ಲಿ ಹಶ್ ಅಂತ ಒಂದು ಆದೇಶವಿದೆ, ಕೊಟ್ಟರೆ ಎಲ್ಲ ನಿಂತು ಪರದೆ ಕಪ್ಪಾಗುತ್ತದೆ. ಒಂದು ಸಂಜೆ ಅವಳೆದುರು ಹಾಗೇ ಮಾಡಿದೆ. "ಯಾಕೇ ಹಾಗೆ ಕಿತ್ತುಹಾಕಿದೆ? ಚೆನ್ನಾಗಿ ಬರ್ತಿತ್ತಲ್ಲೇ" ಅಂದಳು. ಹೊತ್ತಾಯಿತು, ಮುಗಿಸಬೇಕಿತ್ತು ಅಂದೆ. "ಮುಗಿಸು. ಆದ್ರೆ ಕೈ ತೆಗೆದಮೇಲೂ ತಂತಿ ಸ್ವಲ್ಪ ಹೊತ್ತು ಮಿಡೀತಿರತ್ತೆ, ಅದಕ್ಕೆ ಸಮಯ ಕೊಡು" ಅಂದಳು.

ಅವತ್ತಿನಿಂದ ನಾನು ಹಶ್ ಒತ್ತಿಲ್ಲ. ಕೊನೆಗೆ ಹೊಸ ಆಕಾರದ ಜಾಗದಲ್ಲಿ ಕಪ್ಪು ಬಣ್ಣ ಬರೆಯುತ್ತೇನೆ, ಬೆರಕೆಯನ್ನು 2 ಪಾಲಿನಿಂದ ಇನ್ನೂ ಕೆಳಗೆ ಇಳಿಸುತ್ತೇನೆ. ಎಂಟರ್ ಒತ್ತುತ್ತೇನೆ. ಆಮೇಲೆ ಕೋಡ್ ಅಳಿಸತೊಡಗುತ್ತೇನೆ, ಕೆಳಗಿನಿಂದ ಮೇಲಕ್ಕೆ, ಸಾಲು ಸಾಲಾಗಿ. ಎಂಟರ್ ಒತ್ತದೆ ಸುಮ್ನೆ ಅಳಿಸಿದರೆ ಚಿತ್ರಕ್ಕೆ ಅದು ಗೊತ್ತಾಗುವುದಿಲ್ಲ. ಕೊನೆಯ ಅಕ್ಷರವೂ ಹೋಗಿ ಎಡಿಟರ್ ಪೂರ್ತಿ ಖಾಲಿಯಾದಾಗ ಹಿಂದೆ ಸುರಂಗ ಇನ್ನೂ ತೆರೆಯುತ್ತಲೇ ಇರುತ್ತದೆ, ಒಂಚೂರು ಮಬ್ಬಾಗಿ. ಕೀಬೋರ್ಡ್‌ನಿಂದ ಕೈ ತೆಗೆದು, ಅದು ಕಪ್ಪಾಗುವ ತನಕ ನಾನೂ ನೋಡುತ್ತಾ ಕೂತಿರುತ್ತೇನೆ.